ಗಾಳಿ ಅಳೆಯುವ ತಂತಿಗೆ ನೇರ ದಾರಿ ಬೇಕು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳ ಮುಂದೆ ನಿಂತು ಕೇಳಿದರೆ ಸಾಕು, ಹೊಸ ಏರ್ ಇಂಟೇಕ್‌ಗೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಕೆಂಪು ಬಟ್ಟೆಯ ಶಂಕುವಿನಾಕಾರದ ಫಿಲ್ಟರ್, ಹೊಳೆಯುವ ಅಲ್ಯೂಮಿನಿಯಂ ಪೈಪು, ಸಿಲಿಕಾನ್ ಹೋಸು, ನಾಲ್ಕಾರು ಕ್ಲಾಂಪು. ಕಂಪನಿಯವರು ಕೊಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬ, ಅಂದರೆ ಏರ್‌ಬಾಕ್ಸ್, ಬಿಚ್ಚಿ ಇವನ್ನು ಕೂರಿಸುವುದು ಅರ್ಧ ದಿನದ ಕೆಲಸ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಗಾಳಿ ಹೀರುವ ಸದ್ದು ಗಟ್ಟಿಯಾಗುತ್ತದೆ, ಓಡಿಸುವವರ ಉತ್ಸಾಹವೂ ಏರುತ್ತದೆ. ಆದರೆ ಕೆಲವು ಕಾರುಗಳಲ್ಲಿ ಕೆಲವೇ ದಿನಗಳಲ್ಲಿ ಐಡ್ಲಿಂಗ್ ಏರುಪೇರಾಗಲು ಶುರುವಾಗುತ್ತದೆ, ಮೈಲೇಜ್ ಕುಸಿಯುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಹಾಗಾದಾಗ ಎಲ್ಲರೂ ಫಿಲ್ಟರನ್ನು ದೂರುತ್ತಾರೆ. ನೋಡಬೇಕಾದ್ದು ಫಿಲ್ಟರ್ ಮತ್ತು ಥ್ರಾಟಲ್ ಬಾಡಿಯ ನಡುವೆ ಪೈಪಿನೊಳಗೆ ತಲೆ ಇಳಿಬಿಟ್ಟು ಕೂತಿರುವ ಒಂದು ಪುಟ್ಟ ಸೆನ್ಸರನ್ನು.

ಅದರ ಹೆಸರು ಮಾಸ್ ಏರ್ ಫ್ಲೋ ಸೆನ್ಸರ್. ಗ್ಯಾರೇಜುಗಳಲ್ಲಿ ಎಲ್ಲರೂ ಚಿಕ್ಕದಾಗಿ ಮಾಫ್ ಎನ್ನುತ್ತಾರೆ. ಎಂಜಿನ್ ಒಳಗೆ ಹೋಗುತ್ತಿರುವ ಗಾಳಿಯ ತೂಕ ಎಷ್ಟು ಎಂದು ಪ್ರತಿ ಕ್ಷಣವೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುವುದು ಅದರ ಕೆಲಸ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿಯ ಲೆಕ್ಕ ಸಿಕ್ಕರೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಇಸಿಯು ತಾನೇ ಕಂಡುಕೊಳ್ಳುತ್ತದೆ. ಗಾಳಿಯ ಲೆಕ್ಕ ತಪ್ಪಿದರೆ ಅದರ ಹಿಂದೆ ಬರುವ ಎಲ್ಲ ಲೆಕ್ಕವೂ ತಪ್ಪುತ್ತದೆ.

ಈ ಲೆಕ್ಕ ಎಷ್ಟು ವಿಶಾಲವಾದದ್ದು ಎಂಬುದನ್ನು ಒಂದು ಎರಡು ಲೀಟರ್ ಎಂಜಿನ್ ಇಟ್ಟುಕೊಂಡು ನೋಡಬಹುದು. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ಣ ಅಳತೆಯ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸಿಲಿಂಡರ್‌ಗಳು ಶೇ 85ರಷ್ಟು ತುಂಬುತ್ತವೆ ಎಂದುಕೊಂಡರೆ ಸೆಕೆಂಡಿಗೆ 85 ಲೀಟರ್, ಅಂದರೆ ಸುಮಾರು 100 ಗ್ರಾಂ ಗಾಳಿ ಒಳಹೋಗುತ್ತದೆ. ಅದೇ ಎಂಜಿನ್ ಸಿಗ್ನಲ್‌ನಲ್ಲಿ ನಿಂತು ಐಡ್ಲಿಂಗ್ ಮಾಡುತ್ತಿದ್ದಾಗ ಸೆಕೆಂಡಿಗೆ ಮೂರು ಗ್ರಾಂ ಆಸುಪಾಸು ಸಾಕು. ಮೂರರಿಂದ ನೂರರವರೆಗೆ, ಅದೇ ಪೈಪಿನಲ್ಲಿ, ಸೆನ್ಸರಿನೊಳಗಿನ ಒಂದೇ ಬಿಸಿ ತಂತಿಯಿಂದ ಅಳೆಯಬೇಕು.

ಎಂಜಿನಿಯರುಗಳು ಈ ತಂತಿಯವರೆಗೆ ಬಂದದ್ದು ಹಂತ ಹಂತವಾಗಿ. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಂದಾಗ ಅದು ಗಾಳಿಯನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಅಂದಾಜು ಕಟ್ಟುತ್ತಿತ್ತು. 1970ರ ದಶಕದ ಎಲ್-ಜೆಟ್ರಾನಿಕ್‌ನಲ್ಲಿ ಗಾಳಿಯ ರಭಸಕ್ಕೆ ತೆರೆದುಕೊಳ್ಳುವ ಸ್ಪ್ರಿಂಗ್ ಹಲಗೆಯೊಂದು ಬಂತು. 1980ರ ದಶಕದ ಆರಂಭದಲ್ಲಿ ಎಲ್‌ಎಚ್-ಜೆಟ್ರಾನಿಕ್ ಜೊತೆಗೆ ಬಿಸಿ ತಂತಿ ಬಂತು. ಆ ಮೊದಲ ಸೆನ್ಸರುಗಳಲ್ಲಿ ಎಂಜಿನ್ ಆರಿಸಿದ ಮೇಲೆ ತಂತಿಯನ್ನು ಒಂದು ಸೆಕೆಂಡಿನಷ್ಟು ಕಾಲ ಸುಮಾರು 1,000 ಡಿಗ್ರಿಗೆ ಕಾಯಿಸಿ, ಅಂಟಿದ ಕೊಳೆಯನ್ನು ಸುಟ್ಟುಹಾಕುವ ಏರ್ಪಾಡಿತ್ತು. ಬೆಂಗಳೂರಿನವರಿಗೆ ಬಾಷ್ ದೂರದ ಹೆಸರಲ್ಲ. ಆಡುಗೋಡಿಯಲ್ಲಿದ್ದ ಮೈಕೊ ಕಾರ್ಖಾನೆ ಈ ಜರ್ಮನ್ ಕಂಪನಿಯ ಭಾರತದ ಅಂಗಸಂಸ್ಥೆಯದಾಗಿತ್ತು. ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳಿಗೆ ಮನೆಮಾತಾಗಿದ್ದ ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು.

ಬಿಸಿ ತಂತಿಯ ತತ್ವ ಸರಳ. ಕೂದಲಿನಷ್ಟು ತೆಳುವಾದ ಪ್ಲಾಟಿನಂ ತಂತಿಯನ್ನೋ ಪುಟ್ಟ ಫಿಲ್ಮನ್ನೋ ಸುತ್ತಲಿನ ಗಾಳಿಗಿಂತ ಇಷ್ಟೇ ಡಿಗ್ರಿ ಹೆಚ್ಚು ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಬೀಸಿದಂತೆ ಅದು ತಣ್ಣಗಾಗಲು ನೋಡುತ್ತದೆ. ಬಿಸಿ ಇಳಿಯದಂತೆ ಕಾಯ್ದುಕೊಳ್ಳಲು ಸರ್ಕ್ಯೂಟ್ ಹೆಚ್ಚು ಕರೆಂಟ್ ಹರಿಸಬೇಕಾಗುತ್ತದೆ. ಎಷ್ಟು ಕರೆಂಟ್ ಬೇಕಾಯಿತು ಎಂಬುದೇ ಗಾಳಿಯ ಅಳತೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೂಯಿ ಕಿಂಗ್ 1914ರಲ್ಲೇ ಈ ತಣಿಯುವಿಕೆಗೆ ಸೂತ್ರ ಕೊಟ್ಟಿದ್ದರು. ಗಾಳಿಯ ವೇಗ ದುಪ್ಪಟ್ಟಾದರೆ ತಂತಿ ಕಳೆದುಕೊಳ್ಳುವ ಶಾಖ ದುಪ್ಪಟ್ಟಾಗುವುದಿಲ್ಲ, ಹೆಚ್ಚುಕಡಿಮೆ ವೇಗದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಆದ್ದರಿಂದ ಸೆನ್ಸರ್ ಕಳಿಸುವ ವೋಲ್ಟೇಜಿಗೂ ಗ್ರಾಂ ಲೆಕ್ಕಕ್ಕೂ ನೇರ ಅನುಪಾತವಿಲ್ಲ. ಇಷ್ಟು ವೋಲ್ಟ್ ಬಂದರೆ ಇಷ್ಟು ಗ್ರಾಂ ಎಂಬ ಕೋಷ್ಟಕವೊಂದನ್ನು ಕಾರು ತಯಾರಕರು ಇಸಿಯುನಲ್ಲಿ ಬರೆದಿಟ್ಟಿರುತ್ತಾರೆ.

ತಂತಿಗೆ ಇನ್ನೊಂದು ಒಳ್ಳೆಯ ಗುಣವಿದೆ. ಅದು ಗಾಳಿಯ ಗಾತ್ರವನ್ನಲ್ಲ, ದ್ರವ್ಯರಾಶಿಯನ್ನು ಗ್ರಹಿಸುತ್ತದೆ. ಮಂಗಳೂರಿನ ಕಡಲತೀರದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ಕಾರು ಸಾವಿರ ಮೀಟರ್‌ಗೂ ಹೆಚ್ಚು ಎತ್ತರ ಏರುತ್ತದೆ, ಗಾಳಿ ಸುಮಾರು ಶೇ 10ರಷ್ಟು ತೆಳುವಾಗುತ್ತದೆ. ತೆಳುಗಾಳಿಯ ಒಂದು ಲೀಟರಿನಲ್ಲಿ ತೂಕ ಕಡಿಮೆ, ತಂತಿಯನ್ನು ತಣಿಸುವ ಶಕ್ತಿಯೂ ಕಡಿಮೆ. ಯಾರೂ ಏನೂ ತಿರುಗಿಸದೆ ಪೆಟ್ರೋಲ್ ತಾನಾಗಿ ಕಡಿಮೆಯಾಗುತ್ತದೆ.

ಇಷ್ಟು ಜಾಣ ಸೆನ್ಸರ್ ಜಾಗ ಬದಲಿಸಿದೊಡನೆ ಏಕೆ ಎಡವುತ್ತದೆ? ಅದು ಪೈಪಿನಲ್ಲಿ ಹರಿಯುವ ಎಲ್ಲ ಗಾಳಿಯನ್ನೂ ನೋಡುವುದಿಲ್ಲ ಎಂಬುದೇ ಕಾರಣ. ಸೆನ್ಸರಿನ ಮೂತಿಯಲ್ಲಿ ಬೆರಳಿನ ಉಗುರಿಗಿಂತ ಚಿಕ್ಕದಾದ ಕಿಂಡಿಯಿರುತ್ತದೆ. ಆ ಕಿಂಡಿಯೊಳಗೆ ನುಗ್ಗಿದ ಗಾಳಿಯಷ್ಟೇ ತಂತಿಯನ್ನು ಮುಟ್ಟುತ್ತದೆ. ಉಳಿದ ಗಾಳಿ ಪಕ್ಕದಿಂದ ಹಾದುಹೋಗುತ್ತದೆ. ಕಿಂಡಿಯ ಎದುರಿನ ವೇಗ ಇಷ್ಟಿದ್ದರೆ ಪೂರ್ತಿ ಪೈಪಿನಲ್ಲಿ ಇಷ್ಟು ಗಾಳಿ ಹರಿಯುತ್ತಿರಬೇಕು ಎಂಬುದು ಕೋಷ್ಟಕದೊಳಗೆ ಅಡಗಿರುವ ಊಹೆ. ಕಂಪನಿಯವರು ತಮ್ಮದೇ ಡಬ್ಬ, ತಮ್ಮದೇ ಕೊಳವೆ, ತಮ್ಮದೇ ಜಾಲರಿ ಇಟ್ಟುಕೊಂಡು ಆ ಊಹೆಯನ್ನು ಪರೀಕ್ಷಿಸಿ ನಿಜ ಮಾಡಿರುತ್ತಾರೆ. ಹಾಗಾಗಿ ಸೆನ್ಸರ್ ಎಂದರೆ ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಪ್ಲಾಸ್ಟಿಕ್ ತುಂಡು ಮಾತ್ರವಲ್ಲ. ಅದು ಕೂತಿರುವ ಕೊಳವೆಯೂ ಸೆನ್ಸರಿನ ಭಾಗವೇ. ಹೊಸ ಇಂಟೇಕ್ ಮಾಡುವಾಗ ಜನ ಈ ಎರಡನೆಯ ಭಾಗವನ್ನು ಗುಜರಿಗೆ ಹಾಕಿ ಮೊದಲನೆಯದನ್ನು ಮಾತ್ರ ಹೊಸ ಪೈಪಿಗೆ ಚುಚ್ಚುತ್ತಾರೆ.

ವ್ಯತ್ಯಾಸ ಎಷ್ಟಾಗುತ್ತದೆ ಎಂದು ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡೋಣ. ಹಳೆಯ ಕೊಳವೆಯ ಒಳವ್ಯಾಸ 70 ಮಿ.ಮೀ. ಇತ್ತು ಎಂದುಕೊಳ್ಳಿ. ಅಂಗಡಿಯಲ್ಲಿ ಸಿಗುವುದು ಮೂರು ಇಂಚಿನ ಪೈಪು. ಪೈಪಿಗೆ ಹೇಳುವ ಅಳತೆ ಸಾಮಾನ್ಯವಾಗಿ ಹೊರವ್ಯಾಸದ್ದು, ಸಿಲಿಕಾನ್ ಹೋಸಿಗೆ ಹೇಳುವುದು ಒಳವ್ಯಾಸದ್ದು. ಮೂರು ಇಂಚು ಎಂದರೆ 76.2 ಮಿ.ಮೀ. ಎರಡೂ ಬದಿಯ ದಪ್ಪ 1.6 ಮಿ.ಮೀ.ನಂತೆ ಕಳೆದರೆ ಒಳಗೆ ಉಳಿಯುವುದು 73. ಎಪ್ಪತ್ತಕ್ಕೂ ಎಪ್ಪತ್ತಮೂರಕ್ಕೂ ಕಣ್ಣಿಗೆ ಅಂತಹ ವ್ಯತ್ಯಾಸ ಕಾಣದು. ಆದರೆ ಗಾಳಿ ಹರಿಯುವ ಜಾಗ ವ್ಯಾಸದ ವರ್ಗಕ್ಕೆ ತಕ್ಕಂತೆ ಹಿಗ್ಗುತ್ತದೆ. ಮೂರು ಮಿ.ಮೀ. ಹೆಚ್ಚಾದದ್ದಕ್ಕೆ ಜಾಗ ಸುಮಾರು ಶೇ 9ರಷ್ಟು ಹಿಗ್ಗಿತು. ಅಷ್ಟೇ ಗಾಳಿ ಈಗ ಶೇ 8ರಷ್ಟು ನಿಧಾನವಾಗಿ ಕಿಂಡಿಯನ್ನು ದಾಟುತ್ತದೆ. ಗಾಳಿಯೇ ಶೇ 8ರಷ್ಟು ಕಡಿಮೆಯಾಗಿದೆ ಎಂದು ಇಸಿಯು ತಿಳಿದು ಪೆಟ್ರೋಲನ್ನೂ ಅಷ್ಟು ಕಡಿಮೆ ಸುರಿಯುತ್ತದೆ. ಒಳವ್ಯಾಸ ಪೂರ್ತಿ 76 ಇದ್ದಿದ್ದರೆ ತಪ್ಪು ಶೇ 15 ಆಗುತ್ತಿತ್ತು.

ಹೀಗೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದ್ದು ಗ್ಯಾರೇಜ್ ಭಾಷೆಯಲ್ಲಿ ಲೀನ್ ಮಿಶ್ರಣ. ಸಾಧಾರಣ ಓಡಾಟದಲ್ಲಿ ಇದು ತಕ್ಷಣ ಗೊತ್ತಾಗುವುದಿಲ್ಲ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ, ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿಸುತ್ತದೆ. ಇಸಿಯು ಫ್ಯೂಯೆಲ್ ಟ್ರಿಮ್ ಎಂಬ ತಿದ್ದುಪಡಿಯಿಂದ ಕೊರತೆ ತುಂಬಿಕೊಳ್ಳುತ್ತದೆ. ತಿದ್ದುಪಡಿ ಮಿತಿ ಮೀರಿದಾಗ ಪಿ0171 ಎಂಬ ಕೋಡ್ ಬರೆದು ದೀಪ ಹೊತ್ತಿಸುತ್ತದೆ. ಅಪಾಯ ಇರುವುದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಆಗ ಬಹಳಷ್ಟು ಕಾರುಗಳು ಆಕ್ಸಿಜನ್ ಸೆನ್ಸರಿನ ತಿದ್ದುಪಡಿಗೆ ಕಾಯದೆ ಕೋಷ್ಟಕವನ್ನೇ ನಂಬಿ ನಡೆಯುತ್ತವೆ. ಅದೂ ಅಲ್ಲದೆ, ಗಾಳಿ ಕಡಿಮೆಯಿದೆ ಎಂದರೆ ಎಂಜಿನ್ ಮೇಲಿನ ಭಾರವೂ ಕಡಿಮೆ ಎಂದು ಇಸಿಯು ಲೆಕ್ಕ ಹಾಕುತ್ತದೆ. ಭಾರ ಕಡಿಮೆಯಿದ್ದಾಗ ಸ್ಪಾರ್ಕ್ ಬೇಗ ಕೊಡುವುದು ಅದರ ರೂಢಿ. ಪೆಟ್ರೋಲ್ ಕಡಿಮೆ, ಸ್ಪಾರ್ಕ್ ಬೇಗ, ಸಿಲಿಂಡರಿನಲ್ಲಿ ನಿಜವಾಗಿ ಇರುವ ಗಾಳಿ ಪೂರ್ತಿ. ಮೂರೂ ಕೂಡಿದರೆ ಮಿಶ್ರಣ ತಾನಾಗಿ ಸಿಡಿದು ಎಂಜಿನ್ ನಾಕಿಂಗ್ ಶುರುಮಾಡುತ್ತದೆ. ಪಿಸ್ಟನ್ ಒಡೆಯುವುದು, ರಿಂಗ್ ಜಾಗ ಮುರಿಯುವುದು ಇಂತಹ ನಾಕಿಂಗ್‌ನಿಂದಲೇ.

ಈ ಪಾಠವನ್ನು ಅಮೆರಿಕದ ಫೋರ್ಡ್ ಮಸ್ಟಾಂಗ್ ಪ್ರಿಯರು ಮೂರು ದಶಕಗಳ ಹಿಂದೆಯೇ ಕಲಿತರು. ಐದು ಲೀಟರಿನ ವಿ8 ಮಸ್ಟಾಂಗ್ ಮೊದಲು ಮ್ಯಾನಿಫೋಲ್ಡ್ ಒತ್ತಡದ ಅಂದಾಜಿನ ಮೇಲೆ ಓಡುತ್ತಿತ್ತು. ಕ್ಯಾಮ್‌ಶಾಫ್ಟ್ ಬದಲಿಸಿದರೆ ಆ ಅಂದಾಜು ಕೆಟ್ಟು ಎಂಜಿನ್ ಕುಂಟುತ್ತಿತ್ತು. 1988ರಲ್ಲಿ ಕ್ಯಾಲಿಫೋರ್ನಿಯಾಕ್ಕೆ, 1989ರಲ್ಲಿ ಉಳಿದ ಕಡೆಗೆ ಮಾಸ್ ಏರ್ ಸೆನ್ಸರ್ ಬಂದ ಮೇಲೆ ಇಂತಹ ಬದಲಾವಣೆಗಳಿಗೆ ಇಸಿಯು ಹೆಚ್ಚುಕಡಿಮೆ ತಾನೇ ಹೊಂದಿಕೊಳ್ಳತೊಡಗಿತು. ಆಮೇಲೆ ದೊಡ್ಡ ಇಂಜೆಕ್ಟರ್ ಹಾಕುವವರಿಗಾಗಿ ವಿಶೇಷ ಸೆನ್ಸರುಗಳು ಮಾರುಕಟ್ಟೆಗೆ ಬಂದವು. ಅವು ಬೇಕೆಂದೇ ಗಾಳಿಯನ್ನು ಕಡಿಮೆ ತೋರಿಸುತ್ತಿದ್ದವು. ಇಸಿಯು ಇಂಜೆಕ್ಟರನ್ನು ಕಡಿಮೆ ಹೊತ್ತು ತೆರೆದರೂ ದೊಡ್ಡ ಇಂಜೆಕ್ಟರ್ ಸರಿಯಾದಷ್ಟೇ ಪೆಟ್ರೋಲ್ ಸುರಿಯುತ್ತಿತ್ತು. ಪೆಟ್ರೋಲ್ ಲೆಕ್ಕ ಸರಿಹೋಯಿತು, ಆದರೆ ಭಾರದ ಲೆಕ್ಕ ತಪ್ಪಿ ಸ್ಪಾರ್ಕ್ ಮುಂದಾಯಿತು. ಅನುಭವಿ ಟ್ಯೂನರುಗಳು ಇವತ್ತಿಗೂ ಸೆನ್ಸರಿಗೆ ಸುಳ್ಳು ಹೇಳಿಸುವ ಬದಲು ಇಸಿಯುನಲ್ಲಿರುವ ಕೋಷ್ಟಕವನ್ನೇ ತಿದ್ದಿ ಎನ್ನುವುದು ಇದಕ್ಕಾಗಿ.

ವ್ಯಾಸದ ತಪ್ಪನ್ನಾದರೂ ಕೋಷ್ಟಕ ತಿದ್ದಿ ಸರಿಪಡಿಸಬಹುದು. ಒಂದೇ ಪ್ರಮಾಣದ ತಪ್ಪು ಒಂದೇ ಗುಣಕದಿಂದ ಹೋಗುತ್ತದೆ. ಜಾಗ ತಪ್ಪಿದರೆ ಅಷ್ಟು ಸುಲಭವಲ್ಲ. ಕಾವೇರಿ ತಿರುವು ತೆಗೆದುಕೊಳ್ಳುವಲ್ಲೆಲ್ಲ ಹೊರದಂಡೆಯ ಕಡೆ ನೀರು ರಭಸವಾಗಿ ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ನಿಲ್ಲುತ್ತದೆ. ಪೈಪಿನ ಬೆಂಡಿನಲ್ಲಿ ಗಾಳಿಯೂ ಹಾಗೆಯೇ ಹೊರಗೋಡೆಗೆ ಒತ್ತಿಕೊಂಡು ಹೋಗುತ್ತದೆ. ಜೊತೆಗೆ ಎರಡು ಎದುರುಬದುರು ಸುಳಿಗಳು ಹುಟ್ಟಿ ಬೆಂಡು ದಾಟಿದ ಮೇಲೂ ಪೈಪಿನುದ್ದಕ್ಕೂ ತಿರುಗುತ್ತಾ ಸಾಗುತ್ತವೆ. 1920ರ ದಶಕದಲ್ಲಿ ಇವನ್ನು ಗಣಿತದಿಂದ ವಿವರಿಸಿದ ವಿಲಿಯಂ ಡೀನ್ ಅವರ ಹೆಸರಿನಲ್ಲಿ ಇವಕ್ಕೆ ಡೀನ್ ಸುಳಿಗಳೆಂದು ಹೆಸರು. ಇಂತಹ ಗಾಳಿಯ ನಡುವೆ ಸೆನ್ಸರ್ ಇಟ್ಟರೆ ಕಿಂಡಿಗೆ ಒಮ್ಮೆ ವೇಗದ ಗಾಳಿ, ಒಮ್ಮೆ ನಿಧಾನದ ಗಾಳಿ. ಎಂಜಿನ್ ವೇಗ ಬದಲಾದಂತೆ ಸುಳಿಯ ಜಾಗವೂ ಸರಿಯುವುದರಿಂದ 2,000 ಸುತ್ತಿನಲ್ಲಿ ಹೆಚ್ಚು ತೋರಿಸಿದ ಸೆನ್ಸರ್ 4,000ದಲ್ಲಿ ಕಡಿಮೆ ತೋರಿಸಬಹುದು. ಇದಕ್ಕೆ ಯಾವ ಒಂದು ಗುಣಕವೂ ಮದ್ದಲ್ಲ.

ಕಾರ್ಖಾನೆಗಳಲ್ಲಿ ಹರಿವು ಅಳೆಯುವ ಮೀಟರ್ ಕೂರಿಸುವವರಲ್ಲಿ ಹಳೆಯ ಲೆಕ್ಕವೊಂದಿದೆ. ಮೀಟರಿನ ಮುಂಚೆ ಪೈಪಿನ ವ್ಯಾಸದ ಹತ್ತರಷ್ಟು, ಮೀಟರಿನ ಆಚೆ ಐದರಷ್ಟು ನೇರ ಪೈಪು ಇರಲಿ ಎಂಬುದು. 73 ಮಿ.ಮೀ. ಪೈಪಿಗೆ ಇದನ್ನು ಅನ್ವಯಿಸಿದರೆ ಒಂದು ಮೀಟರಿಗೂ ಹೆಚ್ಚು ಉದ್ದ ಬೇಕು. ಯಾವ ಕಾರಿನ ಬಾನೆಟ್ ಕೆಳಗೂ ಅಷ್ಟು ಜಾಗವಿಲ್ಲ. ಆದ್ದರಿಂದ ಇಂಟೇಕ್ ಕಟ್ಟುವವರು ಸಿಕ್ಕಷ್ಟು ಜಾಗದಲ್ಲಿ ಅತಿ ಉದ್ದದ ನೇರ ತುಂಡು ಯಾವುದು ಎಂದು ಮೊದಲು ಹುಡುಕಬೇಕು, ಸೆನ್ಸರನ್ನು ಅದರಲ್ಲಿ ಇಡಬೇಕು. ಆ ತುಂಡಿನಲ್ಲೂ ಮುಂಚಿನ ಭಾಗಕ್ಕೆ ಹೆಚ್ಚು ಉದ್ದ, ಆಚೆಗೆ ಕಡಿಮೆ ಉದ್ದ ಬಿಡಬೇಕು. ಬೆಂಡುಗಳನ್ನು ಉಳಿದ ಕಡೆ ಹೊಂದಿಸಿಕೊಳ್ಳಬಹುದು. ಸೆನ್ಸರಿನ ಜಾಗ ಗೊತ್ತುಮಾಡಿಕೊಂಡು ಪೈಪು ಬಗ್ಗಿಸಬೇಕೇ ಹೊರತು ಪೈಪು ಬಗ್ಗಿಸಿ ಉಳಿದ ಜಾಗದಲ್ಲಿ ಸೆನ್ಸರ್ ತುರುಕುವುದಲ್ಲ.

ಜಾಗದ ಕೊರತೆಗೆ ಕಾರು ತಯಾರಕರು ಕಂಡುಕೊಂಡ ದಾರಿ ಜಾಲರಿ. ಸೆನ್ಸರಿನ ಮುಂಚೆ ಜೇನುಗೂಡಿನ ಆಕಾರದ ಪ್ಲಾಸ್ಟಿಕ್ ಅಥವಾ ಸಣ್ಣ ಲೋಹದ ಬಲೆ ಇರುವುದನ್ನು ಅನೇಕ ಕಾರುಗಳಲ್ಲಿ ನೋಡಬಹುದು. ಸುಳಿಗಳನ್ನು ಮುರಿದು ಗಾಳಿಯನ್ನು ಸಾಲಾಗಿ ಸಾಗಿಸುವುದು ಅದರ ಕೆಲಸ. ಗಾಳಿಗೆ ಅಡ್ಡವೆಂದು ಅದನ್ನು ಕಿತ್ತೆಸೆಯುವವರಿದ್ದಾರೆ. ಕಿತ್ತ ಕ್ಷಣವೇ ಕಿಂಡಿಯ ಎದುರಿನ ಗಾಳಿಯ ರೂಪ ಬದಲಾಗುತ್ತದೆ, ಕಂಪನಿಯ ಕೋಷ್ಟಕ ಆ ಕಾರಿಗೆ ಹೊಂದದೆ ಹೋಗುತ್ತದೆ. ಹಳೆಯ ಏರ್‌ಬಾಕ್ಸ್‌ನಿಂದ ಸೆನ್ಸರ್ ಕೂರುವ ಕೊಳವೆಯನ್ನು ಜಾಲರಿ ಸಮೇತ ಬಿಚ್ಚಿ, ಸಾಧ್ಯವಿಲ್ಲದಿದ್ದರೆ ಕತ್ತರಿಸಿ, ಹೊಸ ಪೈಪಿನ ನಡುವೆ ಹೋಸು ಕ್ಲಾಂಪುಗಳಿಂದ ಸೇರಿಸುವುದು ಎಲ್ಲಕ್ಕಿಂತ ನಂಬಿಕಸ್ಥ ವಿಧಾನ. ನೋಡಲು ಅಷ್ಟೊಂದು ಚೆಂದವಿರುವುದಿಲ್ಲ, ಆದರೆ ಲೆಕ್ಕ ಕೆಡುವುದಿಲ್ಲ.

ಫಿಲ್ಟರ್ ಕಡೆಯಲ್ಲೂ ಎಚ್ಚರ ಬೇಕು. ಫಿಲ್ಟರಿನಿಂದ ಪೈಪಿಗೆ ಇಳಿಯುವ ಬಾಯಿ ಚೂಪಾಗಿ ಕತ್ತರಿಸಿದಂತಿದ್ದರೆ ಅಂಚಿನಲ್ಲೇ ಗಾಳಿ ಗೋಡೆಯಿಂದ ಬಿಟ್ಟುಕೊಂಡು ಕದಡುತ್ತದೆ. ನಾದಸ್ವರದ ಬಾಯಿಯಂತೆ ಅಗಲವಾಗಿ ಉರುಟಾದ ಅಂಚಿದ್ದರೆ ಗಾಳಿ ಸಮನಾಗಿ ಒಳಗಿಳಿಯುತ್ತದೆ. ತೆರೆದ ಫಿಲ್ಟರಿನ ಪಕ್ಕದಲ್ಲೇ ರೇಡಿಯೇಟರ್ ಫ್ಯಾನ್ ಇದ್ದರೆ ಫ್ಯಾನ್ ಶುರುವಾದಾಗಲೆಲ್ಲ ಐಡ್ಲಿಂಗ್ ಅಲುಗಾಡಬಹುದು. ಫಿಲ್ಟರಿಗೂ ಸೆನ್ಸರಿಗೂ ನಡುವೆ ಅಂಗೈಯಗಲದಷ್ಟಾದರೂ ನೇರ ಪೈಪು, ಫ್ಯಾನ್ ಕಡೆಗೊಂದು ತಗಡಿನ ಮರೆ, ಇವೆರಡು ಈ ತೊಂದರೆಯನ್ನು ತಗ್ಗಿಸುತ್ತವೆ.

ಇನ್ನೊಂದು ತುದಿ ಥ್ರಾಟಲ್ ಬಾಡಿಯದು. ಎಂಜಿನ್ ಗಾಳಿಯನ್ನು ಒಂದೇ ಸಮ ಎಳೆಯುವುದಿಲ್ಲ. ಒಂದೊಂದು ಸಿಲಿಂಡರಿನ ವಾಲ್ವ್ ತೆರೆದು ಮುಚ್ಚಿದಂತೆ ಅಲೆ ಅಲೆಯಾಗಿ ಎಳೆಯುತ್ತದೆ, ಕಡಿಮೆ ವೇಗದಲ್ಲಿ ಒಂದಿಷ್ಟು ಗಾಳಿ ಹಿಂದಕ್ಕೂ ತಳ್ಳಲ್ಪಡುತ್ತದೆ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ರೇಸಿಂಗ್ ಕ್ಯಾಮ್‌ಶಾಫ್ಟ್‌ಗಳಲ್ಲಿ ಇದು ಇನ್ನೂ ಜೋರು. ಹಳೆಯ ಬಿಸಿ ತಂತಿಗೆ ಗಾಳಿಯ ದಿಕ್ಕು ಗೊತ್ತಾಗದು, ಯಾವ ಕಡೆಯಿಂದ ಬೀಸಿದರೂ ತಣಿಯುವುದಷ್ಟೇ ಗೊತ್ತು. ಹೋದದ್ದನ್ನೂ ಬಂದದ್ದನ್ನೂ ಎರಡು ಸಲ ಎಣಿಸಿ, ಇಲ್ಲದ ಗಾಳಿಗೆ ಪೆಟ್ರೋಲ್ ಕೇಳುತ್ತದೆ. ಆಮೇಲಿನ ಹಾಟ್ ಫಿಲ್ಮ್ ಸೆನ್ಸರುಗಳಲ್ಲಿ ಕೆಲವಕ್ಕೆ, ಉದಾಹರಣೆಗೆ ಬಾಷ್‌ನ ಎಚ್‌ಎಫ್‌ಎಮ್5ಕ್ಕೆ, ಹಿಂದಿನ ಹರಿವನ್ನು ಗುರುತಿಸುವ ಶಕ್ತಿಯಿದೆ. ಅಂತಹ ಸೆನ್ಸರ್ ಇರಲಿ ಇಲ್ಲದಿರಲಿ, ಥ್ರಾಟಲ್‌ಗೆ ಅಂಟಿಸಿದಂತೆ ಕೂರಿಸುವುದು ಬೇಡ.

ಟರ್ಬೊ ಇರುವ ಕಾರಿನಲ್ಲಿ ಸೆನ್ಸರ್ ಸಾಮಾನ್ಯವಾಗಿ ಫಿಲ್ಟರಿಗೂ ಟರ್ಬೊಗೂ ನಡುವೆ ಇರುತ್ತದೆ. ಅಲ್ಲಿ ಒಮ್ಮೆ ಎಣಿಸಿದ ಗಾಳಿಯೆಲ್ಲ ಎಂಜಿನ್ ಸೇರಲೇಬೇಕು. ಸದ್ದಿನ ಆಸೆಗೆ ಹೊರಗೆ ಉಗುಳುವ ಬ್ಲೋ ಆಫ್ ವಾಲ್ವ್ ಹಾಕಿದರೆ ಗೇರ್ ಬದಲಿಸುವಾಗಲೆಲ್ಲ ಎಣಿಸಿದ ಗಾಳಿ ಹೊರಹೋಗಿ ಮಿಶ್ರಣ ಗಳಿಗೆ ಹೊತ್ತು ಪೆಟ್ರೋಲ್ ಹೆಚ್ಚಾಗಿ ರಿಚ್ ಆಗುತ್ತದೆ. ಕಂಪನಿಯವರು ಆ ಗಾಳಿಯನ್ನು ಟರ್ಬೊ ಮುಂಚಿನ ಪೈಪಿಗೇ ಮರಳಿಸುವುದು ಇದೇ ಕಾರಣಕ್ಕೆ. ಕ್ರ್ಯಾಂಕ್‌ಕೇಸ್ ಉಸಿರಿನ ಹೋಸಿನದೂ ಹೆಚ್ಚುಕಡಿಮೆ ಇದೇ ಕಥೆ. ಅದು ಸೆನ್ಸರಿನ ಆಚೆಗೆ, ಅಂದರೆ ಎಂಜಿನ್ ಕಡೆಗೇ ಸೇರಬೇಕು. ಸೆನ್ಸರಿನ ಮುಂಚೆ ಸೇರಿಸಿದರೆ ಎಣ್ಣೆಯ ಹಬೆ ತಂತಿಗೆ ಲೇಪವಾಗಿ ಕೂರುತ್ತದೆ. ಸೇರಿಸದೆ ಆ ತೂತನ್ನು ತೆರೆದಿಟ್ಟರೆ ಎಣಿಕೆಗೆ ಸಿಗದ ಗಾಳಿ ಕಳ್ಳದಾರಿಯಿಂದ ನುಗ್ಗುತ್ತದೆ.

ಐಡ್ಲಿಂಗ್ ಏಕೆ ಎಲ್ಲಕ್ಕಿಂತ ಮೊದಲು ಕೆಡುತ್ತದೆ ಎಂಬುದಕ್ಕೂ ಭೌತಶಾಸ್ತ್ರದಲ್ಲಿ ಉತ್ತರವಿದೆ. 1883ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆಸ್ಬೊರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ನೀರು ಹರಿಸಿ, ಶಾಂತ ಹರಿವು ಯಾವಾಗ ಕದಡುತ್ತದೆ ಎಂದು ತೋರಿಸಿದರು. ಪೈಪಿನ ಹರಿವಿಗೆ ಆ ಗಡಿ ಸುಮಾರು 2,300 ಎಂಬ ರೆನಾಲ್ಡ್ಸ್ ಸಂಖ್ಯೆ. 73 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ ನೂರು ಗ್ರಾಂ ಹರಿಯುವಾಗ ಈ ಸಂಖ್ಯೆ ಒಂದು ಲಕ್ಷ ಸಮೀಪಿಸುತ್ತದೆ, ಹರಿವು ಪೂರ್ತಿ ಕದಡಿರುತ್ತದೆ. ಮೂರು ಗ್ರಾಂ ಹರಿಯುವ ಐಡ್ಲಿಂಗ್‌ನಲ್ಲಿ ಅದು ಮೂರು ಸಾವಿರದ ಆಸುಪಾಸಿಗೆ, ಗಡಿಯ ಪಕ್ಕಕ್ಕೇ ಇಳಿಯುತ್ತದೆ. ಉದ್ದನೆಯ ಪೈಪಿನ ಶಾಂತ ಹರಿವಿನಲ್ಲಿ ನಡುಮಧ್ಯದ ವೇಗ ಸರಾಸರಿಯ ಎರಡರಷ್ಟು, ಕದಡಿದ ಹರಿವಿನಲ್ಲಿ ಸುಮಾರು ಒಂದೂಕಾಲು ಪಟ್ಟು. ಪೈಪನ್ನು ಅನಗತ್ಯವಾಗಿ ಅಗಲ ಮಾಡಿದಷ್ಟೂ ಐಡ್ಲಿಂಗ್ ಗಾಳಿ ಈ ಅಸ್ಥಿರ ವಲಯಕ್ಕೆ ಜಾರುತ್ತದೆ, ನಡುವೆ ಕೂತ ಕಿಂಡಿಗೆ ಯಾವುದನ್ನು ನಂಬಬೇಕೆಂದು ತಿಳಿಯದಾಗುತ್ತದೆ. ಶಾಂತ ಹರಿವು ಕದಡಿದ ಹರಿವಾಗುವ ಈ ಗಡಿಯ ಅಧ್ಯಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೊಡ್ಡ ಹೆಸರಿದೆ. ಗೋಡೆಗೆ ಹತ್ತಿದ ಗಾಳಿಯ ಪದರದಲ್ಲಿ ಈ ಬದಲಾವಣೆ ಹೇಗೆ ಆಗುತ್ತದೆ ಎಂಬ ಬಗ್ಗೆ ಅಲ್ಲಿ ಸಂಶೋಧನೆ ನಡೆಸಿದ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ.

ಕೊನೆಗೆ ಬರುವುದು ಲೇಥ್ ಮತ್ತು ವೆಲ್ಡಿಂಗ್ ಶಾಪಿನ ಕೆಲಸ. ಸೆನ್ಸರ್ ಕೂರಿಸುವ ಚಪ್ಪಟೆ ಮಣೆಯನ್ನು ಪೈಪಿಗೆ ಬೆಸೆಯುವಾಗ ಅದರ ಎತ್ತರ ಹಳೆಯದರಷ್ಟೇ ಇರಬೇಕು. ಎರಡು ಮಿ.ಮೀ. ಎತ್ತರಿಸಿದರೂ ಕಿಂಡಿ ಪೈಪಿನ ನಡುಭಾಗದಿಂದ ಗೋಡೆಯತ್ತ ಸರಿಯುತ್ತದೆ. ಸೆನ್ಸರಿನ ಮೈಮೇಲಿನ ಬಾಣದ ಗುರುತು ಎಂಜಿನ್ ಕಡೆ ತೋರಿಸಬೇಕು, ಕಿಂಡಿ ಗಾಳಿಗೆ ಎದುರಾಗಿ ನೇರ ನಿಲ್ಲಬೇಕು, ಸ್ವಲ್ಪ ಓರೆಯಾದರೂ ಲೆಕ್ಕ ಬದಲಾಗುತ್ತದೆ. ಪೈಪಿನೊಳಗೆ ಉಬ್ಬಿದ ವೆಲ್ಡಿಂಗ್ ಗೆರೆಯನ್ನು ಅರೆದು ನುಣುಪು ಮಾಡಬೇಕು, ಹೋಸಿನ ಅಂಚು ಒಳಗೆ ಮೆಟ್ಟಿಲಿನಂತೆ ಚಾಚಿರಬಾರದು. ಸೆನ್ಸರನ್ನು ಪೈಪಿನ ಅಡಿಭಾಗದಲ್ಲಿ ತಲೆಕೆಳಗಾಗಿ ಕೂರಿಸಿದರೆ ನೀರು, ಎಣ್ಣೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲಿನಿಂದಲೋ ಪಕ್ಕದಿಂದಲೋ ಇಳಿಬಿಡುವುದು ಕ್ಷೇಮ. ಎಲ್ಲ ಹೊಂದಿದ ಮೇಲೆ ಪೈಪು ಮತ್ತು ಹೋಸಿನ ಮೇಲೆ ಪೇಂಟಿನಿಂದ ಒಂದು ಗುರುತು ಗೆರೆ ಎಳೆದಿಡಬೇಕು. ಬೆಂಡಿನ ಬಳಿಯ ಪೈಪನ್ನು ಸರ್ವೀಸ್ ವೇಳೆ ಬಿಚ್ಚಿ ಒಂದಿಷ್ಟು ತಿರುಗಿಸಿ ಬಿಗಿದರೂ ಸೆನ್ಸರ್ ಬೇರೆ ಸಂಖ್ಯೆ ತೋರಿಸುತ್ತದೆ.

ಶಾಖದ ವಿಚಾರವೂ ಜಾಗಕ್ಕೇ ಸೇರಿದ್ದು. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಹೊರಗೆ 30 ಡಿಗ್ರಿ ಇರುವಾಗ ಬಾನೆಟ್ ಒಳಗಿನ 60 ಡಿಗ್ರಿ ಗಾಳಿಯನ್ನು ಎಳೆದರೆ, ಹೊಸ ಫಿಲ್ಟರಿನಿಂದ ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾಗಬಹುದು. ಹಾಗೆಂದು ತಣ್ಣನೆ ಗಾಳಿಗಾಗಿ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸಿದರೆ ಮಳೆಗಾಲದ ಅಪಾಯ ಕಾದಿರುತ್ತದೆ. ನೀರು ತುಂಬಿದ ಅಂಡರ್‌ಪಾಸ್‌ಗೆ ಇಳಿದ ಕಾರು ಫಿಲ್ಟರ್ ಮೂಲಕ ನೀರು ಎಳೆದರೆ ಸಿಲಿಂಡರಿನಲ್ಲಿ ನೀರು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಉಳಿದರೂ ಬಿಸಿ ತಂತಿಗೆ ತಾಗಿದ ಹನಿ ಅದನ್ನು ಒಮ್ಮೆಲೇ ತಣಿಸಿ ಗಾಳಿಯ ಲೆಕ್ಕವನ್ನು ಹಾರಿಸುತ್ತದೆ. ಕರಾವಳಿ ಮತ್ತು ಮಲೆನಾಡಿನವರು ಫಿಲ್ಟರನ್ನು ಹೆಡ್‌ಲೈಟಿನ ಮಟ್ಟಕ್ಕಿಂತ ಕೆಳಗಿಳಿಸದಿರುವುದು ಒಳ್ಳೆಯದು.

ಇಷ್ಟೆಲ್ಲ ಮಾಡುವ ಮೊದಲು ಕಾರಿನಲ್ಲಿ ಮಾಫ್ ಇದೆಯೇ ಎಂದು ನೋಡಿಕೊಳ್ಳಬೇಕು. ನಮ್ಮ ರಸ್ತೆಗಳ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳು ಮ್ಯಾನಿಫೋಲ್ಡ್ ಒತ್ತಡ ನೋಡಿಯೇ ನಡೆಯುತ್ತವೆ. ಸ್ವಿಫ್ಟ್‌ನಿಂದ ಹಿಡಿದು ಹಲವು ಕಾರುಗಳಿಗೆ ಬಂದ ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ಮಾಫ್ ಇದೆ. ಡೀಸೆಲ್‌ನಲ್ಲಿ ಅದು ಮುಖ್ಯವಾಗಿ ಹೊಗೆಯನ್ನು ಮರಳಿ ಎಂಜಿನಿಗೆ ಕಳಿಸುವ ಇಜಿಆರ್ ವಾಲ್ವ್ ನಿಯಂತ್ರಿಸಲು ಮತ್ತು ಕಪ್ಪು ಹೊಗೆ ಬರದಂತೆ ಡೀಸೆಲ್‌ಗೆ ಮಿತಿ ಹಾಕಲು ನೆರವಾಗುತ್ತದೆ. ಅಲ್ಲಿ ಸೆನ್ಸರ್ ಗಾಳಿಯನ್ನು ಕಡಿಮೆ ತೋರಿಸಿದರೆ ಇಸಿಯು ಡೀಸೆಲ್ ಕಡಿತ ಮಾಡುತ್ತದೆ, ಪಿಕಪ್ ಹೋಗುತ್ತದೆ. ಪಿಕಪ್‌ಗಾಗಿ ಹಾಕಿಸಿದ ಇಂಟೇಕ್‌ನಿಂದಲೇ ಪಿಕಪ್ ಕಳೆದುಕೊಳ್ಳುವುದು ಹೀಗೆ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ದುಬಾರಿ ಸಲಕರಣೆ ಬೇಕಿಲ್ಲ. ಸಾಧಾರಣ ಓಬಿಡಿ ಸ್ಕ್ಯಾನರ್ ಮತ್ತು ಮೊಬೈಲ್ ಸಾಕು. ಹಳೆಯ ಏರ್‌ಬಾಕ್ಸ್ ಇರುವಾಗಲೇ ಬಿಸಿ ಎಂಜಿನ್ನಿನ ಐಡ್ಲಿಂಗ್ ಗ್ರಾಂ ಲೆಕ್ಕ, 2,500 ಸುತ್ತಿನ ಗ್ರಾಂ ಲೆಕ್ಕ ಮತ್ತು ಫ್ಯೂಯೆಲ್ ಟ್ರಿಮ್ ಬರೆದಿಟ್ಟುಕೊಳ್ಳಬೇಕು. ಹೊಸದು ಹಾಕಿದ ಮೇಲೆ ಅದೇ ಅಳತೆಗಳನ್ನು ಮತ್ತೆ ನೋಡಬೇಕು. ಟ್ರಿಮ್ ಎಲ್ಲ ವೇಗದಲ್ಲೂ ಒಂದೇ ಕಡೆಗೆ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ವ್ಯಾಸದ ದೋಷ. ಐಡ್ಲಿಂಗ್‌ನಲ್ಲಿ ಹೆಚ್ಚಾಗಿದ್ದು ವೇಗ ಏರಿದಂತೆ ಕರಗಿದರೆ ಎಲ್ಲೋ ಗಾಳಿ ಸೋರುತ್ತಿದೆ. ಒಂದು ವೇಗದಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕುಣಿಯುತ್ತಿದ್ದರೆ ಸೆನ್ಸರ್ ಸುಳಿಯಲ್ಲಿ ಕೂತಿದೆ. ಮೊದಲನೆಯದಕ್ಕೆ ಟ್ಯೂನರ್ ಬೇಕು, ಎರಡನೆಯದಕ್ಕೆ ಹೊಗೆ ಹಾಯಿಸಿ ಸೋರಿಕೆ ಹುಡುಕುವ ಮೆಕ್ಯಾನಿಕ್ ಬೇಕು, ಮೂರನೆಯದಕ್ಕೆ ಪೈಪನ್ನೇ ಬದಲಿಸಬೇಕು. ಕೊಳೆ ಅಂಟಿದ ಅನುಮಾನವಿದ್ದರೆ ಮಾಫ್‌ಗೆಂದೇ ಸಿಗುವ ಸ್ಪ್ರೇ ಬಳಸಬೇಕು, ಬಟ್ಟೆಯಾಗಲಿ ಬೆರಳಾಗಲಿ ತಂತಿಗೆ ತಾಗಬಾರದು. ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಇದ್ದರೆ ತೊಳೆದಾಗ ಹೇಳಿದಷ್ಟೇ ಎಣ್ಣೆ ಹಾಕಿ ಪೂರ್ತಿ ಹೀರಿದ ಮೇಲೆ ಕೂರಿಸಬೇಕು.

ವಾರಂಟಿ ಇರುವ ಕಾರಿಗೆ ಕೈ ಹಾಕುವ ಮೊದಲು ಷರತ್ತುಗಳನ್ನು ಓದಿ. ವಾಹನದ ಮೂಲ ವಿವರ ಬದಲಾಗುವಂತಹ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಡಿವಾಣ ಹಾಕುತ್ತದೆ ಎಂಬುದೂ ನೆನಪಿರಲಿ. ಆಮೇಲೆ ಮಾಡಲೇಬೇಕೆಂದಿದ್ದರೆ ಪೈಪು ಕೊಳ್ಳಲು ಹೋಗುವ ದಿನ ಹಳೆಯ ಸೆನ್ಸರ್ ಕೊಳವೆಯ ಒಳವ್ಯಾಸ ಬರೆದ ಚೀಟಿ ಜೇಬಿನಲ್ಲಿರಲಿ, ಬಾನೆಟ್ ಕೆಳಗಿನ ಅತಿ ಉದ್ದದ ನೇರ ಜಾಗವನ್ನು ಟೇಪಿನಲ್ಲಿ ಅಳೆದಿರಿ. ಆ ಎರಡು ಅಳತೆ ಕೇಳದೆ ಪೈಪು ಬಗ್ಗಿಸಲು ಮುಂದಾಗುವ ಗ್ಯಾರೇಜಿಗೆ ಕಾರು ಬಿಡಬೇಡಿ.